ಶೆಡ್ಡಿನಲ್ಲಿರುವ ಹಳೆಯ ಸ್ಪೋರ್ಟ್ಸ್ ಕಾರು: ಯಾವುದು ಮೊದಲು, ಯಾವುದು ಕೊನೆಗೆ?



ಹಳೆಯ ಕಾರೊಂದನ್ನು ಮತ್ತೆ ರಸ್ತೆಗೆ ತರಬೇಕೆಂದು ಹೊರಡುವ ಹೊಸಬರು ಸಾಮಾನ್ಯವಾಗಿ ಕೆಲಸವನ್ನು ಬಾಲದಿಂದ ಆರಂಭಿಸುತ್ತಾರೆ. ಮೊದಲು ಎಂಜಿನ್ನಿನ ಸದ್ದು ಕೇಳಬೇಕೆಂಬ ಆಸೆ. ಸದ್ದು ಕೇಳಿದ ಮೇಲೆ ಬಣ್ಣ ಹೊಡೆಸುವ ಆಸೆ, ಆಮೇಲೆ ಸೀಟಿಗೆ ಹೊಸ ಚರ್ಮ. ಬ್ರೇಕು, ಒಳಗಿನ ಮರ, ಕಾಗದಪತ್ರ ಇವೆಲ್ಲ ಕೊನೆಗೆ ನೆನಪಾಗುತ್ತವೆ. ಅಷ್ಟರಲ್ಲಿ ಹಣ ಮುಗಿದಿರುತ್ತದೆ, ಉತ್ಸಾಹವೂ ಮುಗಿದಿರುತ್ತದೆ. ಅರ್ಧ ಬಿಚ್ಚಿದ ಗಾಡಿ ಗೋಣಿಚೀಲಗಳಲ್ಲಿ ಕುಳಿತುಬಿಡುತ್ತದೆ. ಈ ಪಾಠದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು: ಕೆಲಸದ ಕ್ರಮ ಸರಿಯಿದ್ದರೆ ಮೆಕಾನಿಕ್ ಅಲ್ಲದವರೂ ಈ ಕೆಲಸವನ್ನು ಪೂರೈಸಬಲ್ಲರು, ಕ್ರಮ ತಪ್ಪಿದರೆ ಎಷ್ಟು ಹಣವಿದ್ದರೂ ಪೂರೈಸದು.

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಕಾರಿನ ವಿಷಯವೇಕೆ ಎಂದು ಕೆಲವರು ಕೇಳಬಹುದು. ನಮ್ಮ ಭಾಗದ ಹಳೆಯ ತೋಟಗಳ ಶೆಡ್ಡುಗಳಲ್ಲಿ ಅಜ್ಜಂದಿರ ಕಾಲದ ವಾಹನಗಳು ಇನ್ನೂ ಇವೆ. ಗುಜರಿಯವರು ಅವುಗಳ ಬೆಲೆ ಕೇಳುತ್ತ ಬರುತ್ತಿದ್ದಾರೆ. ಕೊಡುವುದೋ ಉಳಿಸುವುದೋ ಎಂದು ಕಚೇರಿಗೆ ಬಂದು ವಿಚಾರಿಸುವ ಯುವ ಸದಸ್ಯರೂ ಹೆಚ್ಚಾಗಿದ್ದಾರೆ. ನಾವೂ ವಿಜ್ಞಾನದ ಪದವಿ ಮುಗಿಸಿ ತೋಟಕ್ಕೆ ಬಂದವರೇ ಹೊರತು ಗ್ಯಾರೇಜಿನಲ್ಲಿ ಕಲಿತವರಲ್ಲ. ಅಂತಹ ಒಂದು ಕಾರನ್ನು ಮೂರು ವರ್ಷಗಳಲ್ಲಿ, ತೋಟದ ಕೆಲಸದ ಬಿಡುವಿನಲ್ಲಿ, ಒಬ್ಬ ಬಡಗಿ ಮತ್ತು ಒಬ್ಬ ಲೇತ್ ಕೆಲಸಗಾರರ ನೆರವಿನಿಂದ ಸರಿಪಡಿಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇವೆ.

ಗಾಡಿಯ ಪರಿಚಯ

ನಾವು ಉದಾಹರಣೆಗೆ ತೆಗೆದುಕೊಂಡಿರುವುದು ಎಂ.ಜಿ. ಕಂಪನಿಯ ಟಿ.ಡಿ. ಮಾದರಿ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸೆಸಿಲ್ ಕಿಂಬರ್ ಎಂಬವರು ಸಾಮಾನ್ಯ ಮಾರಿಸ್ ಕಾರುಗಳನ್ನು ಓಟಕ್ಕೆ ಹೊಂದಿಸಿ ಆರಂಭಿಸಿದ ಉದ್ಯಮವಿದು. ಮುಂದೆ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆ ಅದರ ಮನೆಯಾಯಿತು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಇಂದು ಗುಜರಾತಿನ ಹಾಲೋಲ್‌ನಲ್ಲಿ ಅದೇ ಹೆಸರಿನಿಂದ ತಯಾರಾಗುವ ಕಾರುಗಳಿಗೂ ಈ ಹಳೆಯ ಗಾಡಿಗೂ ಹೆಸರಿನ ನಂಟು ಮಾತ್ರ.

ಟಿ.ಡಿ.ಯು 1950ರಿಂದ 1953ರವರೆಗೆ ಮಾರಾಟವಾದ ಮಾದರಿ. ತಯಾರಾದದ್ದು ಸುಮಾರು 29,600; ಅವುಗಳಲ್ಲಿ ಬಹುಪಾಲು ಅಮೇರಿಕಕ್ಕೆ ಹೋದವು. ಎರಡು ಸೀಟು, ಮೇಲೆ ಬಟ್ಟೆಯ ಹೊದಿಕೆ, ಮುಂದಕ್ಕೆ ಮಡಚುವ ಗಾಜು, 1250 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, 54 ಅಶ್ವಶಕ್ತಿ, ಎರಡು ಎಸ್.ಯು. ಕಾರ್ಬುರೇಟರು. ಇಂದಿನ ಲೆಕ್ಕದಲ್ಲಿ ಇದು ದೊಡ್ಡ ಶಕ್ತಿಯಲ್ಲ. ಆದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಸ್ಪಾನರಿಗೆ ಬಗ್ಗುತ್ತದೆ. ಬಿಡಿಭಾಗಗಳನ್ನು ಇಂಗ್ಲೆಂಡ್ ಮತ್ತು ಅಮೇರಿಕದಲ್ಲಿ ಇಂದಿಗೂ ಹೊಸದಾಗಿ ಮಾಡುತ್ತಾರೆ. ಕಂಪನಿಯ ಹಳೆಯ ಕಾರ್ಯಾಗಾರ ಕೈಪಿಡಿಯ ಮರುಮುದ್ರಣವೂ ದೊರೆಯುತ್ತದೆ. ಮೊದಲು ಕೊಳ್ಳಬೇಕಾದ ಸಾಮಾನು ಆ ಕೈಪಿಡಿ.

1. ಮೊದಲು ಕಾಗದ

ಸ್ಪಾನರು ಹಿಡಿಯುವ ಮೊದಲು ಆರ್.ಸಿ. ಪುಸ್ತಕ ಹುಡುಕಿರಿ. ಅದರಲ್ಲಿರುವ ಚಾಸಿಸ್ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಿರಿ. ಈ ಮಾದರಿಯ ಚಾಸಿಸ್ ಸಂಖ್ಯೆ ಟಿ.ಡಿ. ಎಂಬ ಅಕ್ಷರಗಳಿಂದಲೂ, ಎಂಜಿನ್ ಸಂಖ್ಯೆ ಎಕ್ಸ್.ಪಿ.ಎ.ಜಿ. ಎಂಬ ಅಕ್ಷರಗಳಿಂದಲೂ ಆರಂಭವಾಗುತ್ತದೆ. ಪುಸ್ತಕ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಮೊದಲ ಕೆಲಸ. ಪಹಣಿಯಲ್ಲಿ ಹೆಸರಿಲ್ಲದ ಜಮೀನಿಗೆ ಯಾರೂ ಬಾವಿ ತೋಡಿಸುವುದಿಲ್ಲ. ಇಲ್ಲಿಯೂ ಅದೇ ನ್ಯಾಯ.

50 ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಪ್ರತ್ಯೇಕ ನಿಯಮ ತಂದಿದೆ. ಅಂತಹ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಮೊದಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಇಲ್ಲಿ ಎರಡು ಷರತ್ತುಗಳನ್ನು ಗಮನದಲ್ಲಿಡತಕ್ಕದ್ದು. ಒಂದನೆಯದು, ಹೀಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು. ಎರಡನೆಯದು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆದ್ದರಿಂದ 'ಹಳೆಯ ಎಂಜಿನ್ ಎಸೆದು ಡೀಸೆಲ್ ಎಂಜಿನ್ ಕೂರಿಸಿಬಿಡೋಣ' ಎಂಬ ಸಲಹೆ ಯಾರಿಂದ ಬಂದರೂ ಕಿವಿಗೆ ಹಾಕಿಕೊಳ್ಳಬೇಡಿ. ಗಾಡಿಯ ಬೆಲೆಯೂ ಹೋದೀತು, ನೋಂದಣಿಯ ಹಕ್ಕೂ ಹೋದೀತು.

2. ಒಮ್ಮೆಲೇ ಬಿಚ್ಚಬೇಡಿ

ಹಳೆಯ ಕಾಫಿ ತೋಟವನ್ನು ಬೊಡ್ಡೆ ಕಡಿದು ಚಿಗುರಿಸುವಾಗ ನಾವು ಇಡೀ ತೋಟವನ್ನು ಒಂದೇ ವರ್ಷದಲ್ಲಿ ಕಡಿಯುವುದಿಲ್ಲ. ಒಂದು ಪಟ್ಟಿ ಈ ವರ್ಷ, ಇನ್ನೊಂದು ಪಟ್ಟಿ ಮುಂದಿನ ವರ್ಷ. ಕಾರಿಗೂ ಇದೇ ವಿಧಾನ ಯೋಗ್ಯ. ಒಂದು ಭಾಗ ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು.

ಬಿಚ್ಚುವ ಮೊದಲು ಪ್ರತಿಯೊಂದು ಮೂಲೆಯ ಫೋಟೋ ತೆಗೆಯಿರಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಒಂದೇ ಬಕೆಟ್ಟಿಗೆ ಹಾಕದೆ, ಭಾಗವಾರು ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿರಿ. ಇದಕ್ಕೆ ವಿಶೇಷ ಕಾರಣವೂ ಉಂಟು. ಈ ಎಂಜಿನ್ನಿನ ಮೂಲ ವಂಶ ಕೊವೆಂಟ್ರಿಯಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿ ನಡೆಸುತ್ತಿದ್ದ ಕಾರ್ಖಾನೆಯದು. ಮಾರಿಸ್ ಅದನ್ನು 1923ರಲ್ಲಿ ಕೊಂಡುಕೊಂಡಿತು. ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್ ಅಳತೆಯವು. ಹಾಗಾಗಿ ಎಂಜಿನ್ನಿನ ಬೋಲ್ಟುಗಳ ಮರೆ ಮೆಟ್ರಿಕ್ ಅಳತೆಯದು. ತಲೆ ಮಾತ್ರ ಆಂಗ್ಲರ ವಿಟ್‌ವರ್ತ್ ಸ್ಪಾನರಿಗೆ ಹೊಂದುವಂತಹದು. ಪೇಟೆಯಲ್ಲಿ ಸಿಗುವ ಬೋಲ್ಟು ದಪ್ಪದಲ್ಲಿ ಸರಿಹೊಂದಿದರೂ ಮರೆಯ ಅಂತರ ಬೇರೆಯಿರಬಹುದು. ಕೈಬೆರಳಿನಿಂದ ಸಲೀಸಾಗಿ ತಿರುಗದ ಬೋಲ್ಟನ್ನು ಸ್ಪಾನರಿನಿಂದ ತಿರುಗಿಸಬಾರದು. ಒಂದು ಸೆಟ್ ವಿಟ್‌ವರ್ತ್ ಸ್ಪಾನರು ಅವಶ್ಯವಾಗಿ ಇರಬೇಕು. ಇಲ್ಲದಿದ್ದರೆ ಬೋಲ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ.

3. ಮರ: ಗೆದ್ದಲಿನ ಲೆಕ್ಕ

ಈ ಗಾಡಿಯ ಚಾಸಿಸ್ ಉಕ್ಕಿನದಾದರೂ ಬಾಡಿಯ ಒಳಗಿನ ಚೌಕಟ್ಟು ಆ್ಯಷ್ ಎಂಬ ಮರದ್ದು. ಅದರ ಮೇಲೆ ತಗಡು ಹೊದಿಸಿದ್ದಾರೆ. ಮಲೆನಾಡಿನ ಶೆಡ್ಡಿನಲ್ಲಿ ದಶಕಗಟ್ಟಲೆ ನಿಂತ ಗಾಡಿಯ ಮರಕ್ಕೆ ಏನಾಗಿರಬಹುದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ತಗಡು ಹೊಳೆಯುತ್ತಿರುತ್ತದೆ. ಒಳಗೆ ಗೆದ್ದಲು ತಿಂದ ಪುಡಿ ಇರುತ್ತದೆ.

ಪರೀಕ್ಷೆ ಸುಲಭ. ಈ ಮಾದರಿಯಲ್ಲಿ ಬಾಗಿಲಿನ ಕೀಲುಗಳು ಹಿಂಬದಿಯಲ್ಲಿವೆ. ಬಾಗಿಲಿನ ಭಾರವನ್ನೆಲ್ಲ ಹೊರುವುದು ಹಿಂದಿನ ಮರದ ಕಂಬ. ಬಾಗಿಲನ್ನು ತೆರೆದು ಮೆಲ್ಲಗೆ ಮೇಲೆತ್ತಿ ನೋಡಿರಿ. ಕೀಲಿನ ಜೊತೆಗೆ ಕಂಬವೂ ಅಲುಗಿದರೆ ಮರ ಹೋಗಿದೆ ಎಂದರ್ಥ. ಉಳಿದ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಬೇಕು. ನೆಲದ ಹಲಗೆ, ಬಾಗಿಲ ಕೆಳಗಿನ ಉದ್ದ ತೊಲೆ ಇವನ್ನು ಬಿಡಬಾರದು.

ಮರ ಬದಲಿಸುವಾಗ ಒಂದು ನಿಯಮ ಪಾಲಿಸಿರಿ: ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಬಾರದು. ಮೊದಲು ಬಾಗಿಲ ಸಂದಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದು ಆಕಾರ ಹಿಡಿದಿಡಬೇಕು. ಎರಡೂ ಬದಿಯ ಮರ ಒಟ್ಟಿಗೆ ತೆಗೆದರೆ ಬಾಡಿ ಸೊಟ್ಟಗಾಗಿ, ಮತ್ತೆ ಬಾಗಿಲು ಕೂರಿಸಲು ಯಾವ ಬಡಗಿಯಿಂದಲೂ ಸಾಧ್ಯವಾಗದು. ಹಳೆಯ ತುಂಡು ಎಷ್ಟೇ ಜೀರ್ಣವಾಗಿದ್ದರೂ ಎಸೆಯಬೇಡಿ. ಅದೇ ಹೊಸ ತುಂಡಿಗೆ ಅಚ್ಚು. ಆ್ಯಷ್ ನಮ್ಮಲ್ಲಿ ಬೆಳೆಯುವ ಮರವಲ್ಲ. ಚೆನ್ನಾಗಿ ಒಣಗಿದ, ರಸೀದಿ ಸಹಿತ ಕೊಂಡ ತೇಗವನ್ನು ನಾವು ಉಪಯೋಗಿಸಿದೆವು. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮನೆಯಲ್ಲೇ ಇದೆಯೆಂದು ಅದನ್ನು ಬಳಸುವುದು ಬೇಡ. ಅದು ಪೆಟ್ಟಿಗೆಗೆ, ಪ್ಲೈವುಡ್ಡಿಗೆ ಸರಿ, ಸ್ಕ್ರೂ ಹಿಡಿದು ಭಾರ ಹೊರುವ ಕೆಲಸಕ್ಕಲ್ಲ.

4. ಓಡಿಸುವ ಮೊದಲು ನಿಲ್ಲಿಸುವುದು

ಈ ಭಾಗವನ್ನು ಎರಡು ಸಲ ಓದಬೇಕೆಂದು ವಿನಂತಿ.

ಟಿ.ಡಿ.ಯ ನಾಲ್ಕು ಚಕ್ರಕ್ಕೂ ಲಾಕ್‌ಹೀಡ್ ಹೈಡ್ರಾಲಿಕ್ ಡ್ರಮ್ ಬ್ರೇಕುಗಳಿವೆ. ಪೆಡಲ್ ಒತ್ತಿದಾಗ ಒಂದೇ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆಯ ಒತ್ತಡ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಇದರಲ್ಲಿ ಹಾಗಿಲ್ಲ. ಎಲ್ಲಿಯೇ ಒಂದು ರಬ್ಬರ್ ಹೋಸು ಒಡೆದರೂ ನಾಲ್ಕು ಚಕ್ರದ ಬ್ರೇಕೂ ಒಮ್ಮೆಲೇ ಹೋಗುತ್ತದೆ. ಆಗ ಉಳಿಯುವುದು ಹಿಂದಿನ ಚಕ್ರಗಳನ್ನು ಕೇಬಲ್ಲಿನಿಂದ ಹಿಡಿಯುವ ಕೈಬ್ರೇಕು ಒಂದೇ.

ಇದಕ್ಕೆ ಮಳೆನಾಡಿನ ತೊಂದರೆಯೂ ಸೇರುತ್ತದೆ. ಬ್ರೇಕ್ ಎಣ್ಣೆಗೆ ಗಾಳಿಯಲ್ಲಿನ ತೇವಾಂಶ ಹೀರುವ ಗುಣವಿದೆ. ನೀರು ಸೇರಿದ ಎಣ್ಣೆ ಸಿಲಿಂಡರಿನ ಒಳಮೈಯನ್ನು ತುಕ್ಕು ಹಿಡಿಸಿ ಗುಳಿ ಮಾಡುತ್ತದೆ. ಅಷ್ಟೇ ಅಲ್ಲ, ಇಳಿಜಾರಿನಲ್ಲಿ ಬಹಳ ಹೊತ್ತು ಬ್ರೇಕು ಒತ್ತಿದಾಗ ಡ್ರಮ್ಮು ಕಾದು, ಎಣ್ಣೆಯಲ್ಲಿನ ನೀರು ಕುದಿದು ಆವಿಯಾಗುತ್ತದೆ. ಆವಿ ಒತ್ತಡಕ್ಕೆ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಮನೆಯ ಅಂಗಳದಲ್ಲಿ ಚೆನ್ನಾಗಿಯೇ ಹಿಡಿದ ಬ್ರೇಕು ಆಗುಂಬೆಯ ಅಥವಾ ಚಾರ್ಮಾಡಿಯ ತಿರುವಿನಲ್ಲಿ ಕೈಕೊಡುವುದು ಹೀಗೆ.

ಆದುದರಿಂದ ಬ್ರೇಕಿನ ವಿಷಯದಲ್ಲಿ 'ನೋಡಲು ಚೆನ್ನಾಗಿದೆ' ಎಂಬ ಮಾತಿಗೆ ಜಾಗವಿಲ್ಲ. ರಬ್ಬರ್ ಹೋಸು ಮತ್ತು ಸೀಲುಗಳನ್ನೆಲ್ಲ ಹೊಸದಾಗಿ ಹಾಕಬೇಕು. ತುಕ್ಕಿದ ಲೋಹದ ಪೈಪು ಬದಲಿಸಬೇಕು. ಗುಳಿಬಿದ್ದ ಸಿಲಿಂಡರಿಗೆ ಹೊಸ ತೋಳು ಕೂರಿಸಬೇಕು ಅಥವಾ ಹೊಸದನ್ನೇ ತರಿಸಬೇಕು. ಈ ಮಾದರಿಯಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಸಿಲಿಂಡರುಗಳಿವೆಯೆಂಬುದನ್ನು ಮರೆಯಬಾರದು. ಹೈಡ್ರಾಲಿಕ್ ವ್ಯವಸ್ಥೆಯೊಳಕ್ಕೆ ಎಂಜಿನ್ ಆಯಿಲ್, ಸೀಮೆಎಣ್ಣೆ, ಡೀಸೆಲ್ ತಾಗಬಾರದು. ತಾಗಿದರೆ ಸೀಲುಗಳು ಊದಿಕೊಳ್ಳುತ್ತವೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಗಾಳಿ ಹೊಡೆದು ಊದಬೇಡಿ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರಸಿರಿ, ಆ ಬಟ್ಟೆಯನ್ನು ಮತ್ತೆ ಬಳಸದಿರಿ.

ಕೆಲಸ ಮುಗಿದ ಮೇಲೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ; ಕೆಳಗಿಳಿಯುತ್ತ ಹೋಗಬಾರದು. ಚಕ್ರಗಳ ಕೆಳಗೂ ಮಾಸ್ಟರ್ ಸಿಲಿಂಡರಿನ ಕೆಳಗೂ ರಾತ್ರಿಯಿಡೀ ಹಳೆಯ ಪತ್ರಿಕೆ ಹಾಸಿಡಿ. ಬೆಳಿಗ್ಗೆ ಒಂದು ಹನಿಯೂ ಇರಬಾರದು. ಟಯರು ಹತ್ತು ವರ್ಷ ದಾಟಿದ್ದರೆ, ಗುಂಡಿ ಎಷ್ಟು ಆಳವಿದ್ದರೂ, ರಬ್ಬರ್ ಗಟ್ಟಿಯಾಗಿರುತ್ತದೆ, ತೆಗೆದುಬಿಡಿ.

5. ಆಮೇಲೆ ಎಂಜಿನ್

ಬಹುಕಾಲ ನಿಂತ ಎಂಜಿನ್ನನ್ನು ಬ್ಯಾಟರಿ ಕೊಟ್ಟು ತಿರುಗಿಸುವುದಾಗಲಿ, ಜೀಪಿಗೆ ಕಟ್ಟಿ ಎಳೆಸುವುದಾಗಲಿ ಕೂಡದು. ಪಿಸ್ಟನ್ ರಿಂಗುಗಳು ತುಕ್ಕಿನಿಂದ ಹಿಡಿದಿದ್ದರೆ ಮುರಿಯುತ್ತವೆ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ತೆಗೆದು, ಒಳಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸ್ವಲ್ಪ ಹಾಕಿ ಒಂದು ವಾರ ಬಿಡಿ. ಆಮೇಲೆ ಮುಂದಿನ ಹ್ಯಾಂಡಲಿನಿಂದ ಕೈಯಲ್ಲೇ ಹಿಂದೆ ಮುಂದೆ ಅಲುಗಿಸಿರಿ. ಬರದಿದ್ದರೆ ಇನ್ನೊಂದು ವಾರ ಬಿಡಿ. ತಾಳ್ಮೆಗೆ ಖರ್ಚಿಲ್ಲ.

ಎಂಜಿನ್ ಸಲೀಸಾಗಿ ತಿರುಗಿದ ನಂತರ ಹಳೆಯ ಎಣ್ಣೆ ಬಸಿದು, ಕೆಳಗಿನ ತಟ್ಟೆ ಇಳಿಸಿ, ತಳದ ಕೆಸರನ್ನು ತೊಳೆಯಬೇಕು. ಈ ಎಂಜಿನ್ನಿನ ಆಯಿಲ್ ಪಂಪು ಬದಿಯಲ್ಲಿ, ಎಣ್ಣೆಯ ಮಟ್ಟಕ್ಕಿಂತ ಮೇಲಿದೆ. ಬಹಳ ದಿನ ನಿಂತರೆ ಅದು ಖಾಲಿಯಾಗಿ, ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತೋಟದ ನೀರಿನ ಪಂಪಿಗೆ ಮೊದಲು ನೀರು ತುಂಬಿಸುವಂತೆ ಇದಕ್ಕೂ ಎಣ್ಣೆ ತುಂಬಿಸಿ, ಪ್ಲಗ್ ಹಾಕದೆಯೇ ತಿರುಗಿಸಿ, ಎಣ್ಣೆ ಒತ್ತಡದ ಮುಳ್ಳು ಏಳುವುದನ್ನು ನೋಡಿದ ಬಳಿಕವೇ ಸ್ಟಾರ್ಟ್ ಮಾಡಬೇಕು.

ಪೆಟ್ರೋಲ್ ಟ್ಯಾಂಕನ್ನು ಇಳಿಸಿ ತೊಳೆಯಿರಿ. ಖಾಲಿಯಾಗಿದೆಯೆಂದು ಅದಕ್ಕೆ ಬೆಸುಗೆ ಹಾಕಿಸಲು ಹೋಗಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಇದು ಹಳೆಯ ರಬ್ಬರನ್ನು ಮೆದುಗೊಳಿಸಿ ಬಿರುಕು ಬಿಡಿಸುವುದಲ್ಲದೆ ನೀರನ್ನೂ ಹೀರುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಹೋಸನ್ನೇ ಹಾಕಿಸಿ, ಗಾಡಿ ನಿಲ್ಲಿಸುವ ಮಳೆಗಾಲದಲ್ಲಿ ಟ್ಯಾಂಕು ಬಸಿದಿಡಿ.

ಎಸ್.ಯು. ಕಾರ್ಬುರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ 'ಟಕ್' ಎಂದು ಬೀಳಬೇಕು. ಬೀಳದಿದ್ದರೆ ಪೆಟ್ರೋಲಿನಿಂದ ತೊಳೆದು ಒರಸಿರಿ. ಮರಳು ಕಾಗದ ಮುಟ್ಟಿಸಬೇಡಿ. ಅದರ ಗಾಳಿಸಂದಿ ಕೂದಲೆಳೆಯ ಲೆಕ್ಕದ್ದು.

6. ವಿದ್ಯುತ್ ತಂತಿ

ಇಲಿ ಕಡಿದ ಹಳೆಯ ಬಟ್ಟೆಸುತ್ತಿನ ತಂತಿಗೆ ತೇಪೆ ಹಾಕುವುದಕ್ಕಿಂತ ಪೂರ್ತಿ ಬದಲಿಸುವುದು ಲೇಸು. ಒಂದು ಎಚ್ಚರಿಕೆ: ಇದರಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಸ್ಸಿಗೆ ಜೋಡಿಸಿರುತ್ತಾರೆ, ಇಂದಿನ ಕಾರುಗಳಿಗೆ ಇದು ತದ್ವಿರುದ್ಧ. ಬ್ಯಾಟರಿ ಹಾಕುವವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಟರಿ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

7. ಕೊನೆಗೆ ಬಣ್ಣ

ಗಾಡಿ ಓಡಿ, ನಿಂತು, ಎಲ್ಲಿಯೂ ಸೋರದೆ ಒಂದು ಬೇಸಗೆ ಕಳೆದ ಮೇಲೆ ಬಣ್ಣದ ಮಾತು. ಬಣ್ಣ ಮೊದಲಾದರೆ ಮುಂದಿನ ಪ್ರತಿ ದುರಸ್ತಿಯಲ್ಲೂ ಅದು ಗೀರಿಹೋಗುತ್ತದೆ. ಬಣ್ಣದ ಕೆಳಗೆ ಬರೀ ಪುಟ್ಟಿ ಮೆತ್ತಿ ಕೊಡುವ ಕಡೆ ಗಾಡಿ ಕೊಡಬೇಡಿ; ತಗಡಿನ ತುಕ್ಕು ಎರಡು ಮಳೆಗಾಲದಲ್ಲಿ ಮತ್ತೆ ಮೇಲೆ ಬರುತ್ತದೆ.

ತೋಟದ ಕೆಲಸಕ್ಕೆ ಹೊಂದುವ ಕ್ಯಾಲೆಂಡರು

ಜೂನ್‌ನಿಂದ ಸೆಪ್ಟೆಂಬರ್: ಬೋರ್ಡೋ ಸಿಂಪಡಣೆಯ ನಡುವಿನ ಬಿಡುವಿನಲ್ಲಿ ಶೆಡ್ಡಿನೊಳಗೆ ಎಂಜಿನ್, ಕಾರ್ಬುರೇಟರ್, ತಂತಿಗಳ ಕೆಲಸ. ಮರದ ಕೆಲಸ, ಬಣ್ಣ ಬೇಡ. ಮಳೆಗಾಲದಲ್ಲಿ ಊದಿದ ಮರವನ್ನು ಜೋಡಿಸಿದರೆ ಬೇಸಗೆಯಲ್ಲಿ ಸಂದಿ ಬಿಡುತ್ತದೆ. ಉಜ್ಜಿದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಹಚ್ಚದಿದ್ದರೆ ಬೆಳಗಾಗುವುದರೊಳಗೆ ತುಕ್ಕು.

ಅಕ್ಟೋಬರ್‌ನಿಂದ ಜನವರಿ: ಅಡಿಕೆ ಕೊಯ್ಲು, ಕಾಫಿ ಕೊಯ್ಲು. ಕಾರಿಗೆ ಹೊದಿಕೆ ಹೊದಿಸಿ ಮರೆತುಬಿಡಿ.

ಫೆಬ್ರವರಿಯಿಂದ ಏಪ್ರಿಲ್: ಒಣ ಹವೆ. ರೊಬಸ್ಟಾ ಕೊಯ್ಲಿರುವವರು ಅದನ್ನು ಮುಗಿಸಿಕೊಂಡು ಮರದ ಕೆಲಸ, ತಗಡಿನ ಕೆಲಸ, ಬಣ್ಣ ಹಿಡಿಯಬೇಕು. ಬ್ರೇಕಿಗೆ ಹೊಸ ಎಣ್ಣೆ ತುಂಬಲೂ ಇದೇ ಕಾಲ ಉತ್ತಮ.

ಮೊದಲ ಓಟ ಕಣದಲ್ಲಿ, ಎರಡನೆಯದು ತೋಟದ ರಸ್ತೆಯಲ್ಲಿ, ಮೂರನೆಯದು ಸಮತಟ್ಟಾದ ಡಾಂಬರು ರಸ್ತೆಯಲ್ಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆಯೇ ಘಾಟಿ. ಅಲ್ಲಿಯೂ ಬ್ರೇಕನ್ನೇ ನಂಬದೆ, ಇಳಿಜಾರು ಆರಂಭವಾಗುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು. ಒಂದನೇ ಗೇರಿಗೆ ಸಿಂಕ್ರೋಮೆಶ್ ಇಲ್ಲವಾದ್ದರಿಂದ ಓಡುವಾಗ ಅದಕ್ಕೆ ಇಳಿಸುವುದು ಕಷ್ಟ. ಎರಡನೆಯದರಲ್ಲೇ ನಿಧಾನವಾಗಿ ಇಳಿಯಿರಿ.

ಹಣದ ಮಾತು

ಸಂಘದ ಕಾರ್ಯದರ್ಶಿಯಾಗಿ ಇದನ್ನು ಹೇಳದೆ ಬಿಡಲಾರೆವು. ಬೆಳೆಸಾಲದ ಹಣ ಗೊಬ್ಬರಕ್ಕೆ, ಕೂಲಿಗೆ, ಮೈಲುತುತ್ತಕ್ಕೆ, ಕಾರಿಗಲ್ಲ. ಅಡಿಕೆ ಮಾರಿದ ಹಣದಲ್ಲೂ ಮನೆಯ ಖರ್ಚು, ಮಕ್ಕಳ ಫೀಸು, ಮುಂದಿನ ಬೆಳೆಯ ಬಂಡವಾಳ ತೆಗೆದಿಟ್ಟ ಮೇಲೆ ಉಳಿದುದರಲ್ಲಿ ಒಂದು ಪಾಲನ್ನು ಮಾತ್ರ ಇದಕ್ಕೆ ಮೀಸಲಿಡಿ. ಆ ವರ್ಷದ ಪಾಲು ಮುಗಿದರೆ ಆ ವರ್ಷದ ಕೆಲಸ ಮುಗಿಯಿತು. ಭಾಗಭಾಗವಾಗಿ ಕೆಲಸ ಮಾಡಿದ್ದರೆ ಗಾಡಿ ಯಾವ ವರ್ಷ ನಿಂತರೂ ಪೂರ್ಣವಾಗಿಯೇ ನಿಂತಿರುತ್ತದೆ.

ಅಷ್ಟೂ ಅನುಕೂಲವಿಲ್ಲದವರು ಮಾರುವುದರಲ್ಲಿ ಅವಮಾನವಿಲ್ಲ. ಆದರೆ ಗುಜರಿಗೆ ತೂಕದ ಲೆಕ್ಕದಲ್ಲಿ ಕೊಡಬೇಡಿ, ಬಿಡಿಭಾಗಗಳಾಗಿಯೂ ಕೊಡಬೇಡಿ. ಬಿಚ್ಚದ, ಕಾಗದ ಸರಿಯಿರುವ ಗಾಡಿಗೆ ಸಿಗುವ ಬೆಲೆ ಚೀಲದಲ್ಲಿ ತುಂಬಿದ ಗಾಡಿಗೆ ಎಂದೂ ಸಿಗದು. ತೀರ್ಮಾನಿಸುವವರೆಗೆ ಈ ತಿಂಗಳೇ ಮಾಡಬಹುದಾದ ಮೂರು ಕೆಲಸಗಳಿವೆ: ಗಾಡಿಯನ್ನು ಮಣ್ಣಿನ ನೆಲದಿಂದ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿರಿ, ಸುತ್ತ ಗೆದ್ದಲಿನ ಔಷಧಿ ಹಾಕಿಸಿರಿ, ಆರ್.ಸಿ. ಪುಸ್ತಕ ಹುಡುಕಿರಿ. ಪುಸ್ತಕ ಸಿಕ್ಕಿದವರು ಕಚೇರಿಗೆ ತಂದರೆ ಹೆಸರು ಬದಲಾವಣೆಯ ಅರ್ಜಿ ಬರೆಯಲು ಸಹಾಯ ಮಾಡುತ್ತೇವೆ.

— ಕಾರ್ಯದರ್ಶಿ